ಅಜ್ಜಿಯ ಚಪ್ಪಲಿ ಜಾರಿದ್ದು ಎಷ್ಟಕ್ಕೆ?

ದೀಪಾವಳಿ ಮುಗಿದು ವಾರವಾಗಿತ್ತು. ಕಾರ್ತಿಕದ ಒಂದು ಸಂಜೆ ಗುರುಗುಂಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಮೊಮ್ಮಗಳು ಗೋಡೆಗೆ ಒರಗಿ ಕುಳಿತು ಜೋರಾಗಿ ಓದುತ್ತಿದ್ದಳು. ಅವಳು ಎಂಟನೇ ತರಗತಿ. ‘ಒಂದಕ್ಕೊಂದು ತಾಗಿರುವ ಎರಡು ಮೇಲ್ಮೈಗಳ ನಡುವಿನ ಸಾಪೇಕ್ಷ ಚಲನೆಯನ್ನು ವಿರೋಧಿಸುವ ಬಲಕ್ಕೆ ಘರ್ಷಣೆ ಎನ್ನುವರು.’ ಒಂದು ಸಲ, ಎರಡು ಸಲ, ಐದು ಸಲ ಓದಿದಳು.

ಅಲ್ಲೇ ಬುಗುರಿ ಆಡಿಸುತ್ತಿದ್ದ ಅವಳ ತಮ್ಮ ಕೇಳಿದ: “ಅಕ್ಕಾ, ಹಂಗಂದ್ರ ಏನು?”

“ಸುಮ್ನಿರು. ನಾಳೆ ಸರ್ ಕೇಳ್ತಾರ, ಬಾಯಿಪಾಠ ಆಗ್ಬೇಕು.”

ಅವನು ನನ್ನ ಕಡೆ ತಿರುಗಿದ. “ತಾತ, ನೀವಾದ್ರೂ ಹೇಳ್ರಿ.”

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಗಂಟಲು ಸರಿಮಾಡಿಕೊಂಡು, “ನೋಡು, ಒಂದು ವಸ್ತು ಇನ್ನೊಂದರ ಮೇಲೆ ಜಾರುವಾಗ ಅದನ್ನು ತಡೆಯುವ ಬಲ ಇರುತ್ತದಲ್ಲ...” ಎಂದು ಶುರು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, “ಅಕ್ಕ ಅಂದಿದ್ದನ್ನೇ ನೀವೂ ಅಂದ್ರಿ” ಎಂದು ಮತ್ತೆ ಬುಗುರಿಗೆ ಹೋದ.

ಮೂಲೆಯಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತ ಕುಳಿತಿದ್ದ ನನ್ನ ಹೆಂಡತಿ ನಕ್ಕಳು. ಅವಳು ಎಡಗೈಯಿಂದ ಹೊಸೆಯುತ್ತಿದ್ದಳು. ಹಿಂದಿನ ವರ್ಷ ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ ಹಾಕಿದ್ದರು. ಮೂಳೆ ಕೂಡಿದರೂ ಬೆರಳುಗಳು ಮೊದಲಿನಂತೆ ತಿರುಗುವುದಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾಳೆ. ಬತ್ತಿಯನ್ನು ಮಾತ್ರ ಬಿಟ್ಟಿಲ್ಲ, ಎಡಗೈಗೆ ಕಲಿಸಿಕೊಂಡಿದ್ದಾಳೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಶಾಲೆಯಲ್ಲಿ ವಿಜ್ಞಾನದ ಸಾಮಾನುಗಳ ಒಂದು ಬೀರು ಇತ್ತು. ಅದರ ಕೀಲಿಕೈ ನನ್ನ ಹತ್ತಿರವೇ ಇರುತ್ತಿತ್ತು. ಒಡೆದರೆ ಲೆಕ್ಕ ಕೊಡಬೇಕಲ್ಲ ಎಂಬ ಅಂಜಿಕೆಯಿಂದ ವರ್ಷಕ್ಕೆ ಎರಡು ಸಲ, ಸಾಹೇಬರು ತಪಾಸಣೆಗೆ ಬಂದಾಗ ಮಾತ್ರ ತೆರೆಯುತ್ತಿದ್ದೆ. ಘರ್ಷಣೆಯ ಪಾಠಕ್ಕಂತೂ ಬೀರುವಿನ ಅಗತ್ಯವೇ ಇರಲಿಲ್ಲ. ಒಂದು ಇಟ್ಟಿಗೆ, ಒಂದು ಹಗ್ಗ ಸಾಕಿತ್ತು. ಅದನ್ನೂ ನಾನು ಮಾಡಿರಲಿಲ್ಲ. ಹಲಗೆಯ ಮೇಲೆ ಚೌಕ ಬರೆದು, ಎಡಕ್ಕೊಂದು ಬಲಕ್ಕೊಂದು ಬಾಣ ಹಾಕಿ ಮುಗಿಸಿಬಿಡುತ್ತಿದ್ದೆ.

ಮುಂದಿನ ಭಾನುವಾರ ಮಕ್ಕಳಿಬ್ಬರನ್ನೂ ಕರೆದೆ. ಪಕ್ಕದ ಮನೆಯ ಮೂವರು ತಾವಾಗಿಯೇ ಬಂದರು. ಪುಸ್ತಕ ಮುಚ್ಚಿ ಎಂದೆ. ಅಷ್ಟಕ್ಕೇ ಅವರಿಗೆ ಸಂತೋಷವಾಯಿತು.

ಮೊದಲ ಪ್ರಯೋಗವನ್ನು ಶುರು ಮಾಡಿದ್ದು ನಾನಲ್ಲ, ಅಜ್ಜಿ. ನಮ್ಮ ಕಡೆ ಅದು ಹತ್ತಿ ಬಿಡಿಸುವ ಕಾಲ. ಬೀಜ ತೆಗೆದ ಅರಳೆ ಅವಳ ಮುಂದೆ ಬುಟ್ಟಿಯಲ್ಲಿತ್ತು. ಒಂದು ಎಸಳನ್ನು ಮೊಮ್ಮಗನಿಗೆ ಕೊಟ್ಟು “ಎಳಿ” ಎಂದಳು. ಎಳೆದ. ಏನೂ ಶ್ರಮವಿಲ್ಲದೆ ಎರಡಾಯಿತು. ಅಂಥದೇ ಇನ್ನೊಂದು ಎಸಳನ್ನು ಹೊಸೆದು ದಾರ ಮಾಡಿ “ಈಗ ಎಳಿ” ಎಂದಳು. ಎಳೆದ, ಬರಲಿಲ್ಲ. ಎರಡು ಎಳೆ ಸೇರಿಸಿ ಹುರಿ ಮಾಡಿ ಕೊಟ್ಟಾಗ ಅವನ ಬೆರಳು ಕೆಂಪಾದವೇ ಹೊರತು ಹುರಿ ಹರಿಯಲಿಲ್ಲ.

“ಅಂಟು ಹಚ್ಚಿಲ್ಲ, ಗಂಟು ಹಾಕಿಲ್ಲ. ಮತ್ತ ಯಾರು ಹಿಡ್ಕೊಂಡಾರ ಅದನ್ನ?” ಎಂದು ಕೇಳಿದಳು.

ಮೊಮ್ಮಗಳ ಮುಖ ನೋಡಬೇಕಿತ್ತು. “ಘರ್ಷಣೆ?” ಎಂದಳು, ಪ್ರಶ್ನೆಯ ಧ್ವನಿಯಲ್ಲಿ.

ಹೌದು. ಹತ್ತಿಯ ಒಂದೊಂದು ನಾರೂ ಎರಡು ಮೂರು ಸೆಂಟಿಮೀಟರ್ ಉದ್ದವಷ್ಟೆ. ಹೊಸೆದಾಗ ಅವು ಒಂದನ್ನೊಂದು ಸುತ್ತಿ ಒತ್ತಿಕೊಳ್ಳುತ್ತವೆ. ಎಳೆದಷ್ಟೂ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ನಾವು ಉಟ್ಟ ಧೋತ್ರ, ಸೀರೆ, ಬಾವಿಯ ಹಗ್ಗ ಎಲ್ಲವೂ ಈ ಹಿಡಿತದಿಂದಲೇ ನಿಂತಿವೆ. ಘರ್ಷಣೆ ಒಂದು ಕ್ಷಣ ರಜೆ ಹಾಕಿದರೆ ಮೈಮೇಲಿನ ಬಟ್ಟೆ ನಾರುನಾರಾಗಿ ಉದುರುತ್ತದೆ. ಹೀಗೆಂದಾಗ ಹುಡುಗರು ಬಿದ್ದು ಬಿದ್ದು ನಕ್ಕರು.

ಇದರ ಅಣ್ಣನಂಥ ಪ್ರಯೋಗ ಇನ್ನೊಂದಿದೆ. ಎರಡು ನೂರು ಪುಟದ ನೋಟುಬುಕ್ಕುಗಳನ್ನು ತೆಗೆದುಕೊಳ್ಳಿ. ಇದರದೊಂದು ಹಾಳೆ, ಅದರದೊಂದು ಹಾಳೆ ಹೀಗೆ ಒಂದರ ಮೇಲೊಂದು ಹಾಕುತ್ತ ಹೋಗಿ. ಆಮೇಲೆ ಎರಡೂ ಬೆನ್ನು ಹಿಡಿದು ಎಳೆಯಿರಿ. ನಮ್ಮಲ್ಲಿ ಎರಡು ಗುಂಪಾಗಿ ಹಗ್ಗಜಗ್ಗಾಟ ನಡೆಯಿತು. ಪುಸ್ತಕಗಳು ಬಿಡಲೇ ಇಲ್ಲ, ಒಂದರ ಹೊಲಿಗೆ ಕಿತ್ತುಬಂತು. ಇಲ್ಲಿಯೂ ಎಳೆದಷ್ಟೂ ಹಾಳೆಗಳು ಒಂದನ್ನೊಂದು ಹೆಚ್ಚು ಒತ್ತುತ್ತವೆ. ಇದರ ಲೆಕ್ಕವನ್ನು ಬಿಡಿಸಿ ಫ್ರಾನ್ಸ್ ಮತ್ತು ಕೆನಡಾದ ವಿಜ್ಞಾನಿಗಳು ಪ್ರಬಂಧ ಪ್ರಕಟಿಸಿದ್ದು 2016ರಲ್ಲಿ, ಅಂದರೆ ನಮ್ಮ ಮೊಮ್ಮಕ್ಕಳ ಕಾಲದಲ್ಲಿ!

ಎರಡನೆಯದು ಇಟ್ಟಿಗೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ತೆಳ್ಳಗೆ ಕತ್ತರಿಸಿ ಒಂದು ಪಟ್ಟಿ ಮಾಡಿದೆವು. ಪಟ್ಟಿಯ ಒಂದು ತುದಿಯನ್ನು ಇಟ್ಟಿಗೆಗೆ ಸುತ್ತಿದ ದಾರಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಮೆಲ್ಲಗೆ ಎಳೆಯುವುದು. ಇಟ್ಟಿಗೆ ಕದಲುವ ಹೊತ್ತಿಗೆ ರಬ್ಬರ್ ಎಷ್ಟು ಹಿಗ್ಗಿತು ಎಂದು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ನೋಡುವುದು. ಹೆಚ್ಚು ಹಿಗ್ಗಿದರೆ ಹೆಚ್ಚು ಬಲ ಹಾಕಿದೆವು ಎಂದರ್ಥ. ಬಲ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಆದರೆ ರಬ್ಬರಿನಲ್ಲಿ ಹೀಗೆ ಕಾಣುತ್ತದೆ.

ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ರಬ್ಬರ್ 6 ಸೆಂ.ಮೀ. ಹಿಗ್ಗಿದಾಗ ಇಟ್ಟಿಗೆ ಕದಲಿತು. ಕದಲಿದ ಮೇಲೆ ಹಿಗ್ಗು 5ಕ್ಕೆ ಇಳಿಯಿತು. ಗೋಣಿಚೀಲ ಹಾಸಿದಾಗ 8 ಆಯಿತು. ಒಂದು ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಾಗ ಹತ್ತಿರಹತ್ತಿರ ಎರಡರಷ್ಟಾಯಿತು. ಎಲ್ಲವನ್ನೂ ಮೊಮ್ಮಗಳು ಬರೆದುಕೊಂಡಳು.

ಈಗ ನಾನು ಒಂದು ಪಂಥ ಕಟ್ಟಿದೆ. “ಇಟ್ಟಿಗೆಯನ್ನು ಅಡ್ಡ ಮಲಗಿಸಿದ್ದೀರಿ. ಅದನ್ನೇ ಕಿರಿದಾದ ಮಗ್ಗುಲ ಮೇಲೆ ನಿಲ್ಲಿಸಿದರೆ ರಬ್ಬರ್ ಹೆಚ್ಚು ಹಿಗ್ಗುತ್ತದೋ ಕಡಿಮೆಯೋ?” ಐವರೂ ಒಟ್ಟಿಗೆ “ಕಡಿಮಿ!” ಎಂದರು. ತಾಗುವ ಜಾಗ ಕಡಿಮೆಯಾದರೆ ತಡೆಯೂ ಕಡಿಮೆ ಆಗಬೇಕಲ್ಲ? ಎಳೆದರು. ಮತ್ತೆ 6 ಬಂತು. ಇನ್ನೊಮ್ಮೆ ಎಳೆದರು. ಆಗಲೂ 6. ಮೊಮ್ಮಗ ಅಳತೆಪಟ್ಟಿಯನ್ನೇ ತಿರುಗಿಸಿ ನೋಡಿದ.

ಮಕ್ಕಳೇ, ಇದನ್ನು ನಂಬದವರು ನೀವೊಬ್ಬರೇ ಅಲ್ಲ. ಪ್ಯಾರಿಸ್ಸಿನಲ್ಲಿ ಗಿಯೋಮ್ ಅಮೊಂತಾನ್ ಎಂಬುವರಿದ್ದರು. ಚಿಕ್ಕಂದಿನಲ್ಲೇ ಅವರ ಕಿವಿ ಕೇಳಿಸದಂತಾಗಿತ್ತು. ಘರ್ಷಣೆ ತಾಗುವ ಜಾಗದ ವಿಸ್ತಾರವನ್ನು ಅವಲಂಬಿಸಿಲ್ಲ, ಒತ್ತುವ ಭಾರವನ್ನು ಅವಲಂಬಿಸಿದೆ ಎಂದು ಅವರು 1699ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಹೇಳಿದಾಗ ದೊಡ್ಡ ದೊಡ್ಡ ಪಂಡಿತರಿಗೇ ನಂಬಿಕೆ ಬರಲಿಲ್ಲ. ಇದೇ ಮಾತನ್ನು ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಅದಕ್ಕೂ ಇನ್ನೂರು ವರ್ಷ ಮೊದಲು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದ. ಅದು ಅಚ್ಚಾಗಿರಲಿಲ್ಲವಾದ್ದರಿಂದ ಜನರಿಗೆ ಗೊತ್ತಾಗಲಿಲ್ಲ.

ಏಕೆ ಹೀಗೆ? ನುಣುಪಾಗಿ ಕಾಣುವ ಕಲ್ಲೂ ಸೂಕ್ಷ್ಮವಾಗಿ ನೋಡಿದರೆ ಹೊಸದಾಗಿ ನೇಗಿಲು ಹೊಡೆದ ಎರೆಹೊಲದ ಹಾಗೆ ಹೆಂಟೆಹೆಂಟೆಯಾಗಿರುತ್ತದೆ. ಇಟ್ಟಿಗೆಯೂ ಅಷ್ಟೆ. ಅಂಥ ಎರಡು ಹೊಲಗಳನ್ನು ಮುಖಾಮುಖಿ ಇಟ್ಟರೆ ತಾಗುವುದು ಹೆಂಟೆಗಳ ತುದಿಗಳು ಮಾತ್ರ. ಅಡ್ಡ ಮಲಗಿಸಿದಾಗ ತಾಗುವ ತುದಿಗಳು ಹೆಚ್ಚಾಗಬಹುದು, ಆದರೆ ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ. ಮಗ್ಗುಲ ಮೇಲೆ ನಿಲ್ಲಿಸಿದಾಗ ತುದಿಗಳು ಕಡಿಮೆ, ಒಂದೊಂದರ ಮೇಲಿನ ಭಾರ ಹೆಚ್ಚು. ಲೆಕ್ಕ ಸರಿಹೋಗುತ್ತದೆ.

ಮೊಮ್ಮಗನ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು. “ತಾತ, ಕದಲೋಮಟ 6, ಆಮ್ಯಾಲ 5 ಯಾಕ?” ಎಂದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: “ರಾಯಚೂರಾಗ ಎತ್ತು ಕಲ್ಲು ಎಳಿತಾವಲ್ಲ, ಹಂಗ! ಕಲ್ಲು ಕದಲೋಮಟ ತಿಣಕ್ತಾವ, ಕದಲಿದ ಮ್ಯಾಲ ಓಡ್ತಾವ.”

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬಕ್ಕೆ ಅವನು ಅಪ್ಪನ ಜೊತೆ ಹೋಗಿದ್ದ. ಎತ್ತಿನ ಜೋಡಿಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ಅಲ್ಲಿ ಪ್ರಸಿದ್ಧ. ನಿಂತ ವಸ್ತುವನ್ನು ಕದಲಿಸುವುದಕ್ಕೆ ಬೇಕಾದ ಬಲ, ಕದಲಿದ್ದನ್ನು ಎಳೆದುಕೊಂಡು ಹೋಗುವುದಕ್ಕೆ ಬೇಕಾದ ಬಲಕ್ಕಿಂತ ಹೆಚ್ಚು ಎಂದು ನಾನು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಎತ್ತಿನ ಕಾಲು ನೋಡಿ ಎಂದು ಒಮ್ಮೆಯೂ ಹೇಳಿರಲಿಲ್ಲ.

“ಕಲ್ಲಿನ ಕೆಳಗೆ ಎಣ್ಣೆ ಸುರಿದರೆ ಎತ್ತಿಗೆ ಸುಲಭ ಅಲ್ಲವೇ?” ಎಂದೆ.

“ಹೌದು. ಆದ್ರ ಎತ್ತಿನ ಕಾಲಾಗ ಬೀಳಬಾರದು” ಎಂದಳು ಮೊಮ್ಮಗಳು. “ಅಲ್ಲಿ ಜಾರಿದ್ರ ಎತ್ತೇ ಬೀಳ್ತಾವ.”

ಅದಕ್ಕೇ ಎತ್ತಿನ ಕಾಲಿಗೆ ಲಾಳ ಕಟ್ಟುತ್ತಾರೆ, ಬಂಡಿಯ ಅಚ್ಚಿಗೆ ಎಣ್ಣೆ ಹಾಕುತ್ತಾರೆ. ಒಂದೇ ಬಂಡಿಯಲ್ಲಿ ಒಂದು ಕಡೆ ಘರ್ಷಣೆ ಬೇಕು, ಇನ್ನೊಂದು ಕಡೆ ಬೇಡ. ನನ್ನ ಚಿಕ್ಕಂದಿನಲ್ಲಿ ನಮ್ಮಪ್ಪ ಹುಲ್ಲು ಸುಟ್ಟ ಮಸಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡಿ ಅಚ್ಚಿಗೆ ಬಳಿಯುತ್ತಿದ್ದರು. ಎಣ್ಣೆ ಒಣಗಿದರೆ ಬಂಡಿ ದೂರದಿಂದಲೇ ಕಿರ್ ಎಂದು ಅಳುತ್ತಿತ್ತು. ನಮ್ಮ ಅಮರೇಶ್ವರನ ಜಾತ್ರೆಯಲ್ಲಿ ತೇರು ಎಳೆಯುವವರು ಸಾವಿರಾರು ಜನ, ಆದರೆ ತೇರನ್ನು ಹಿಡಿದು ನಿಲ್ಲಿಸುವವರು ಗಾಲಿಗೆ ಮರದ ಸನ್ನೆ ಕೊಡುವ ಕೆಲವೇ ಮಂದಿ. ಅಷ್ಟು ದೊಡ್ಡ ತೇರು ಆ ಮರದ ತುಂಡಿನ ಘರ್ಷಣೆಗೆ ತಲೆಬಾಗಿ ನಿಲ್ಲುತ್ತದೆ. ಉತ್ತತ್ತಿ ಎಸೆಯುವ ಭರದಲ್ಲಿ ಯಾರೂ ಅವರ ಕಡೆ ನೋಡುವುದಿಲ್ಲ. ಮುಂದಿನ ಜಾತ್ರೆಯಲ್ಲಿ ನೋಡುತ್ತೇವೆ ಎಂದು ಹುಡುಗರು ಮಾತು ಕೊಟ್ಟಿದ್ದಾರೆ.

ಮೂರನೆಯದಕ್ಕೆ ಒಂದು ಹಿಡಿ ಜೋಳ ಸಾಕು. ನೆಲದ ಮೇಲೆ ಜೋಳ ಹರಡಿ, ಅದರ ಮೇಲೆ ರೊಟ್ಟಿ ಬಡಿಯುವ ಮಣೆ ಇಟ್ಟು, ಮಣೆಯ ಮೇಲೆ ಅದೇ ಇಟ್ಟಿಗೆ ಇಟ್ಟೆವು. ರಬ್ಬರ್ ಒಂದು ಸೆಂಟಿಮೀಟರ್ ಹಿಗ್ಗುವುದರೊಳಗೆ ಮಣೆ ಹೊರಟೇಹೋಯಿತು. ಜಾರುವುದಕ್ಕಿಂತ ಉರುಳುವುದು ಸುಲಭ. ಸೈಕಲ್ಲಿನ ಗಾಲಿಯೊಳಗೆ ಗುಂಡುಗಳನ್ನು ಕೂಡಿಸಿರುವುದು ಇದಕ್ಕೇ.

“ಮುಗೀತಲ್ಲ, ಒಂದು ಕಾಳು ಬಿಡದ ಬಳೀರಿ. ಯಾರಾರ ಕಾಲಿಟ್ರ ಬೀಳ್ತಾರ” ಎಂದಳು ಅಜ್ಜಿ. ಮೊಮ್ಮಗ ಕಸಬರಿಗೆ ತಂದವನು ಗುಡಿಸುತ್ತ ಗುಡಿಸುತ್ತ ಸುಮ್ಮನೆ ನಿಂತ. “ಅಜ್ಜಿ, ನೀ ಅವತ್ತು ಬಿದ್ದಿಯಲ್ಲ, ಅಲ್ಲಿ ಜೋಳ ಇತ್ತೇನು?”

“ಇಲ್ಲಪ್ಪ. ನೀರಿತ್ತು.”

“ಗಡಿಬಿಡಿ ಇತ್ತು” ಎಂದೆ ನಾನು.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಅವಳು ಬಿದ್ದ ದಿನದಿಂದ, ನೋಡಲು ಬಂದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: “ನೋಡಿ ಹೆಜ್ಜೆ ಇಡಲಿಲ್ಲ. ಯಾವಾಗಲೂ ಗಡಿಬಿಡಿ.” ಅವಳು “ಇಲ್ರೀ, ಕಾಲು ತಾನಾಗಿಯೇ ಹೋಯ್ತು” ಎಂದು ಎರಡು ಮೂರು ಸಲ ಹೇಳಿ, ಆಮೇಲೆ ಹೇಳುವುದನ್ನೇ ಬಿಟ್ಟಿದ್ದಳು.

ಹುಡುಗರಿಗೆ ನಮ್ಮ ಜಗಳ ಬೇಕಿರಲಿಲ್ಲ. ಯಾವುದು ಎಷ್ಟಕ್ಕೆ ಜಾರುತ್ತದೆ ಎಂಬುದು ಬೇಕಿತ್ತು. ನಾಲ್ಕನೆಯ ಪ್ರಯೋಗವನ್ನು ಅವರೇ ಹೂಡಿದರು. ಬಚ್ಚಲಿಗೆ ಹಾಕಿಸಿ ಉಳಿದ ಟೈಲ್ಸ್ ಒಂದು ಹಿತ್ತಲಲ್ಲಿತ್ತು. 60 ಸೆಂ.ಮೀ. ಉದ್ದದ್ದು, ಮುಖ ಕಾಣುವಷ್ಟು ಹೊಳಪು. ಆರಿಸಿ ತಂದವನು ನಾನೇ. ಅದನ್ನು ನೆಲದ ಮೇಲಿಟ್ಟು, ಒಂದು ತುದಿಗೆ ಚಪ್ಪಲಿ ಇಟ್ಟು, ಚಪ್ಪಲಿಯ ಮೇಲೆ ಒಂದು ಕಲ್ಲು ಹೇರಿ, ಆ ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗುವುದು. ಎಷ್ಟು ಎತ್ತರಕ್ಕೆ ಚಪ್ಪಲಿ ಜಾರಿತು ಎಂದು ಬರೆಯುವುದು. ತಡವಾಗಿ ಜಾರಿದರೆ ಹಿಡಿತ ಹೆಚ್ಚು, ಬೇಗ ಜಾರಿದರೆ ಕಡಿಮೆ.

ಮೊಮ್ಮಗಳ ಶಾಲೆಯ ಹೊಸ ಬೂಟು 36ಕ್ಕೆ ಜಾರಿತು. ನನ್ನ ಚಪ್ಪಲಿ 29. ಆಮೇಲೆ ಮೊಮ್ಮಗ ಬಚ್ಚಲ ಬಾಗಿಲಿನಿಂದ ಅಜ್ಜಿಯ ಹವಾಯಿ ಚಪ್ಪಲಿ ತಂದ. ಅವತ್ತು ಅವಳ ಕಾಲಲ್ಲಿದ್ದದ್ದು ಅದೇ ಜೊತೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ, ಹಸ್ತದ ಹಾಗೆ ನುಣ್ಣಗೆ ಸವೆದಿತ್ತು. ಅದು 22ಕ್ಕೆ ಜಾರಿತು.

“ಒಣ ಇದ್ದಾಗ ಇಷ್ಟು. ಬಚ್ಚಲಾಗ ಒಣ ಇರಲ್ಲ” ಎಂದಳು ಮೊಮ್ಮಗಳು. ಒಂದು ಚೊಂಬು ನೀರಿಗೆ ಸೋಪು ಉಜ್ಜಿ ಟೈಲ್ಸಿನ ಮೇಲೆ ಸುರಿದಳು. ಚಪ್ಪಲಿ ಇಟ್ಟರು, ಕಲ್ಲು ಹೇರಿದರು. ತುದಿ ಎತ್ತಿದ್ದೇ ತಡ, ಚಪ್ಪಲಿ ಸರ್ರನೆ ಜಾರಿ ನನ್ನ ಕಾಲಿಗೆ ಬಂದು ಬಡಿಯಿತು.

“ಎಷ್ಟು?” ಎಂದೆ.

“ಎಂಟು.”

ಮತ್ತೆ ಮಾಡಿಸಿದೆ. ಎಂಟೂವರೆ. ಮೂರನೆಯ ಸಲ ಮತ್ತೆ ಎಂಟು.

ಸೋಪಿನ ನೀರು ಆ ಹೆಂಟೆಗಳ ನಡುವೆ ತುಂಬಿಕೊಂಡು ಎರಡು ಮೇಲ್ಮೈಗಳನ್ನು ದೂರ ಇಡುತ್ತದೆ. ಚಪ್ಪಲಿಯಲ್ಲಿ ಗೆರೆಗಳಿದ್ದರೆ ನೀರು ಅವುಗಳಲ್ಲಿ ಹರಿದುಹೋಗಿ ರಬ್ಬರಿಗೆ ನೆಲ ಸಿಗುತ್ತದೆ. ಬಸ್ಸಿನ ಟೈರಿಗೆ ಗೆರೆ ಇರುವುದೂ ಇದಕ್ಕೇ. ಗೆರೆ ಸವೆದರೆ ನೀರಿಗೆ ದಾರಿಯಿಲ್ಲ. ಮಳೆ ಬಿದ್ದ ಎರೆಮಣ್ಣಿನ ದಾರಿಯಲ್ಲಿ ನಮ್ಮ ಊರಿನ ಎಲ್ಲರೂ ಬರಿಗಾಲ ಹೆಬ್ಬೆರಳನ್ನು ಊರಿ ನಡೆಯುತ್ತೇವೆ. ಮನೆಯೊಳಗೆ ಬಂದ ಮೇಲೆ ಆ ಎಚ್ಚರ ಯಾರಿಗೂ ಇರುವುದಿಲ್ಲ.

ಮೊಮ್ಮಗ ನನ್ನ ಮುಖ ನೋಡಿ ಹೇಳಿದ: “ತಾತ, ಅಜ್ಜಿ ಗಡಿಬಿಡಿ ಮಾಡಿಲ್ಲ. ಮೆಲ್ಲಕ ನಡೆದಿದ್ರೂ ಬೀಳ್ತಿದ್ಲು.”

ನಾನೇನೂ ಹೇಳಲಿಲ್ಲ. ಆ ಟೈಲ್ಸ್ ಆರಿಸಿದವನು ನಾನು. ಆ ಸವೆದ ಚಪ್ಪಲಿಯನ್ನು ಎರಡು ವರ್ಷ ದಿನಾಲೂ ಬಾಗಿಲಲ್ಲಿ ನೋಡಿದವನು ನಾನು. ಮೂವತ್ತೊಂದು ವರ್ಷ ‘ನುಣುಪಾದ ಮೇಲ್ಮೈಯಲ್ಲಿ ಘರ್ಷಣೆ ಕಡಿಮೆ’ ಎಂದು ಬರೆಸಿದವನೂ ನಾನೇ. ಆ ವಾಕ್ಯ ಎಂದೂ ನನ್ನ ಮನೆಯ ಬಚ್ಚಲಿಗೆ ಬಂದಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳ ಹತ್ತಿರ ಹೋಗಿ ಕುಳಿತೆ. “ತಪ್ಪು ನಂದು” ಎಂದೆ. ಅವಳು ಬತ್ತಿಯಿಂದ ಕಣ್ಣೆತ್ತದೆ, “ನಾ ಅವತ್ತೇ ಹೇಳಿದ್ದೆ. ನೀವು ಕೇಳಲಿಲ್ಲ. ಹುಡುಗ ಅಳೆದು ತೋರಿಸಬೇಕಾಯ್ತು” ಎಂದಳು. ಆಮೇಲೆ, “ಆ ಅರಳೆ ಇತ್ತ ಸರಿಸ್ರಿ” ಎಂದಳು. ಅವಳ ಕಡೆಯಿಂದ ಕ್ಷಮೆ ಬರುವ ರೀತಿ ಅದು.

ಅದೇ ವಾರ ಬಚ್ಚಲ ನೆಲ ಕೀಳಿಸಿ ಉರುಟು ಮೈಯ ಟೈಲ್ಸ್ ಹಾಕಿಸಿದೆ. ಗೋಡೆಗೆ ಹಿಡಿದುಕೊಳ್ಳಲು ಒಂದು ಉಕ್ಕಿನ ಸರಳು ಕೂಡಿಸಿದೆ. ಹೊಸ ಚಪ್ಪಲಿ ತರಲು ಲಿಂಗಸುಗೂರಿಗೆ ಹೋದಾಗ ಮೊಮ್ಮಗನೂ ಬಂದ. ಅಂಗಡಿಯಲ್ಲಿ ಎಲ್ಲ ಚಪ್ಪಲಿಗಳನ್ನೂ ತಿರುಗಿಸಿ ಅಡಿಯನ್ನೇ ನೋಡಿದ, ಬಣ್ಣ ನೋಡಲಿಲ್ಲ. ಮನೆಗೆ ತಂದು ಅದೇ ಹಳೆಯ ಟೈಲ್ಸಿನ ಮೇಲೆ ಸೋಪಿನ ನೀರಿನಲ್ಲಿ ಪರೀಕ್ಷೆ ಮಾಡಿದರು. 17 ಬಂತು. ಎಂಟಕ್ಕಿಂತ ಎರಡರಷ್ಟಾಯಿತಲ್ಲ ಎಂದು ಹುಡುಗರು ಕುಣಿದರು. ಆದರೆ ಒಣ ಬೂಟಿನ 36ರ ಅರ್ಧವೂ ಅಲ್ಲ. ಅಂದರೆ ಚಪ್ಪಲಿ ಹೊಸದಾದರೂ ಸೋಪಿನ ನೀರು ಸೋಪಿನ ನೀರೇ. ಈಗ ಸ್ನಾನ ಮಾಡಿದವರು ನೆಲಕ್ಕೆ ಒಂದು ಬಕೆಟ್ ನೀರು ಹಾಕಿ, ಕಡ್ಡಿ ಕಸಬರಿಗೆಯಿಂದ ಉಜ್ಜಿ ಬರಬೇಕು. ಈ ನಿಯಮ ಮಾಡಿದವಳು ಮೊಮ್ಮಗಳು, ಅದು ನನಗೂ ಅನ್ವಯಿಸುತ್ತದೆ.

ಮಕ್ಕಳೇ, ಈ ನಾಲ್ಕೂ ಪ್ರಯೋಗಗಳಿಗೆ ದುಡ್ಡು ಬೇಡ. ಅಜ್ಜ ಅಜ್ಜಿಯರನ್ನು ಜೊತೆಗೆ ಕೂಡಿಸಿಕೊಳ್ಳಿ. ಮೊದಲು ಏನಾಗಬಹುದು ಎಂದು ಊಹಿಸಿ ಬರೆದಿಟ್ಟು, ಆಮೇಲೆ ಮಾಡಿ. ಪ್ರತಿಯೊಂದನ್ನೂ ಮೂರು ಸಲ ಅಳೆಯಿರಿ. ನಿಮ್ಮ ಅಂಕಿಗಳು ನಮ್ಮ ಅಂಕಿಗಳಂತೆ ಇರಬೇಕಿಲ್ಲ, ನಿಮ್ಮ ನೆಲ ಬೇರೆ, ನಿಮ್ಮ ರಬ್ಬರ್ ಬೇರೆ. ಟೈಲ್ಸಿನ ಅಂಚು ಕೈ ಕೊಯ್ಯುತ್ತದೆ, ಅದನ್ನು ಎತ್ತುವುದು ದೊಡ್ಡವರ ಕೆಲಸವಾಗಲಿ. ಜೋಳವನ್ನು ಮಾತ್ರ ಒಂದು ಕಾಳೂ ಬಿಡದೆ ಬಳಿದುಬಿಡಿ. ಕೊನೆಗೆ ಮನೆಯವರೆಲ್ಲರ ಚಪ್ಪಲಿಗಳನ್ನು ತಿರುಗಿಸಿ ಅಡಿ ನೋಡಿ.

ಮತ್ತೆ, ನನ್ನ ವಯಸ್ಸಿನ ಹಿರಿಯರೇ, ಮನೆಯಲ್ಲಿ ಯಾರಾದರೂ ಬಿದ್ದರೆ ಬಿದ್ದವರನ್ನು ಬೈಯುವ ಮೊದಲು ಒಮ್ಮೆ ನೆಲವನ್ನು ಮುಟ್ಟಿ ನೋಡಿ.

ಹಳೆಯ ಹವಾಯಿ ಚಪ್ಪಲಿಯನ್ನು ಎಸೆಯಲು ಹೋದಾಗ ಮೊಮ್ಮಗ ಬಿಡಲಿಲ್ಲ. ಪ್ರಯೋಗಕ್ಕೆ ಬೇಕಂತೆ. ಅದು ಈಗ ಇಟ್ಟಿಗೆ, ಸೈಕಲ್ ಟ್ಯೂಬಿನ ಜೊತೆ ಒಂದು ರಟ್ಟಿನ ಡಬ್ಬಿಯಲ್ಲಿದೆ. ಆ ಡಬ್ಬಿಗೆ ಕೀಲಿ ಇಲ್ಲ. ಮೊನ್ನೆ ಮಸ್ಕಿಯಿಂದ ಬಂದ ಬೀಗರು ಅಜ್ಜಿಯ ಕೈ ನೋಡಿ, “ಹೆಂಗ ಬಿದ್ರಿ ಅಕ್ಕಾವ್ರೆ?” ಎಂದು ಕೇಳಿದರು. ಅವಳಾಗಲಿ ನಾನಾಗಲಿ ಬಾಯಿ ತೆರೆಯುವ ಮೊದಲೇ ಬುಗುರಿಗೆ ಹಗ್ಗ ಸುತ್ತುತ್ತಿದ್ದ ಮೊಮ್ಮಗ ಉತ್ತರ ಕೊಟ್ಟ:

“ಎಂಟು ಸೆಂಟಿಮೀಟರಿಗೆ.”